ವಿಮೋಚನೆಯ ಕಥನದಲ್ಲಿ ಸ್ತ್ರೀ: ಒರೆಗಲ್ಲಿನ ಪ್ರಶ್ನೆ

ಪ್ರತಿ ವರ್ಷ ಸೆಪ್ಟೆಂಬರ್ ೧೭ರಂದು ಕಲಬುರಗಿ ನಗರದಲ್ಲಿ ತ್ರಿವರ್ಣಧ್ವಜವೇರುತ್ತದೆ. ೧೯೪೮ರ ಆ ದಿನ ಹೈದರಾಬಾದು ಸಂಸ್ಥಾನವು ಭಾರತ ಸರ್ಕಾರಕ್ಕೆ ಮಣಿಯಿತು. ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳ ಕನ್ನಡಿಗರು ದೇಶದ ಉಳಿದವರಿಗಿಂತ ಹದಿಮೂರು ತಿಂಗಳು ತಡವಾಗಿ ಸ್ವಾತಂತ್ರ್ಯದ ಬೆಳಕನ್ನು ಕಂಡರು. ಆ ದಿನದ ಭಾಷಣಗಳಲ್ಲಿ ಸ್ವಾಮಿ ರಮಾನಂದ ತೀರ್ಥರ ಹೆಸರು ಬರುತ್ತದೆ, ಸರ್ದಾರ್ ಪಟೇಲರ ಹೆಸರು ಬರುತ್ತದೆ, ಗಡಿಶಿಬಿರಗಳನ್ನು ಕಟ್ಟಿ ಪ್ರಾಣವನ್ನು ಪಣಕ್ಕಿಟ್ಟ ವೀರರ ಹೆಸರುಗಳು ಬರುತ್ತವೆ. ಅವೆಲ್ಲವೂ ಸ್ಮರಣೀಯವೇ. ಸ್ತ್ರೀಯರ ಸರದಿ ಬಂದಾಗ ಮಾತ್ರ ಭಾಷಣವು ಒಂದೇ ವಾಕ್ಯಕ್ಕೆ ಇಳಿಯುತ್ತದೆ: ತಾಯಂದಿರ ತ್ಯಾಗವನ್ನು ಮರೆಯಲಾಗದು. ಯಾವ ತಾಯಿ, ಯಾವ ಊರಿನವಳು, ಏನನ್ನು ಮಾಡಿದಳು ಎಂಬುದು ಆ ವಾಕ್ಯದಲ್ಲಿರುವುದಿಲ್ಲ. ಮರೆಯಲಾಗದು ಎನ್ನುತ್ತಲೇ ಮರೆಸುವ ಈ ವಾಕ್ಯವನ್ನು ವಿಮರ್ಶೆಯ ಒರೆಗಲ್ಲಿಗೆ ಹಚ್ಚುವುದು ಅಗತ್ಯವಾಗಿದೆ.

ಚರಿತ್ರೆಯ ಗ್ರಂಥವೂ ಒಂದು ರಚನೆಯೇ. ಪಾತ್ರಗಳ ಆಯ್ಕೆ, ಪ್ರಧಾನ ರಸದ ನಿರ್ಣಯ, ನಾಯಕನ ಸ್ಥಾಪನೆ ಇವೆಲ್ಲ ಕಾವ್ಯದಲ್ಲಿರುವಂತೆ ಅಲ್ಲಿಯೂ ಇವೆ. ಆದಕಾರಣ ಕಾವ್ಯಕ್ಕೆ ಕೇಳುವ ಪ್ರಶ್ನೆಗಳನ್ನು ಚರಿತ್ರೆಯ ಕಥನಕ್ಕೂ ಕೇಳಬಹುದು. ಕನ್ನಡನಾಡಿನ ದಾಸ್ಯವಿಮೋಚನೆಯ ಕಥನಗಳಲ್ಲಿ ಸ್ತ್ರೀಯು ಮುಖ್ಯವಾಗಿ ಮೂರು ರೂಪಗಳಲ್ಲಿ ಕಾಣಿಸಿಕೊಳ್ಳುತ್ತಾಳೆ. ಒಂದು, ಪರಕೀಯನ ಲೇಖನಿ ಬಿಡಿಸಿದ ಕುಟಿಲೆಯ ರೂಪ. ಎರಡು, ನಾಟಕ-ಚಲನಚಿತ್ರಗಳು ಬಿಡಿಸಿದ ಖಡ್ಗಧಾರಿಣಿಯ ರೂಪ. ಮೂರು, ಸ್ಮರಣ ಸಂಪುಟಗಳು ಬಿಡಿಸಿದ ಮೂಕಮಾತೆಯ ರೂಪ. ಈ ಮೂರೂ ಒಂದೊಂದು ಬಗೆಯ ಅರ್ಧಸತ್ಯಗಳು. ಉಳಿದರ್ಧವನ್ನು ಅರಸುವುದು ಸಾಹಿತ್ಯದ ವಿದ್ಯಾರ್ಥಿಗೂ ಸಲ್ಲುವ ಕೆಲಸ.

ಮೊದಲನೆಯ ರೂಪಕ್ಕೆ ಸುರಪುರವೇ ನಿದರ್ಶನ. ಹಿಂದೆ ಕಲಬುರಗಿ ಜಿಲ್ಲೆಯಲ್ಲಿದ್ದು ಈಗ ಯಾದಗಿರಿ ಜಿಲ್ಲೆಗೆ ಸೇರಿರುವ ಈ ಬೇಡರ ಸಂಸ್ಥಾನದಲ್ಲಿ ದೊರೆ ಕೃಷ್ಣಪ್ಪ ನಾಯಕನು ಮರಣ ಹೊಂದಿದಾಗ ಅವನ ಮಗ ವೆಂಕಟಪ್ಪ ನಾಯಕನು ಇನ್ನೂ ಎಳೆಯನು. ಬಾಲದೊರೆಯ ಪರವಾಗಿ ಆಡಳಿತಸೂತ್ರವು ತನ್ನ ಕೈಯಲ್ಲಿರಬೇಕೆಂದು ರಾಣಿ ಈಶ್ವರಮ್ಮ ಹಟ ಹಿಡಿದಳು. ೧೮೪೦ರ ದಶಕದ ಆರಂಭದಲ್ಲಿ ಅಲ್ಲಿಗೆ ಬಂದ ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರನು ಆಡಳಿತವನ್ನು ಹಂತಹಂತವಾಗಿ ತನ್ನ ವಶಕ್ಕೆ ತೆಗೆದುಕೊಂಡನು. ೧೮೭೭ರಲ್ಲಿ, ಅವನ ನಿಧನದ ಮರುವರ್ಷ, ಪ್ರಕಟವಾದ ಆತ್ಮಕಥೆಯಲ್ಲಿ ಈಶ್ವರಮ್ಮನು ಒಳಸಂಚುಗಾರ್ತಿ, ನಡತೆಗೆಟ್ಟವಳು ಎಂಬಂತೆ ಚಿತ್ರಿತಳಾಗಿದ್ದಾಳೆ. ಟೇಲರನು ಸಾಮಾನ್ಯ ಲೇಖಕನಲ್ಲ. ಠಕ್ಕರನ್ನು ಕುರಿತ ಕಾದಂಬರಿಯಿಂದ ೧೮೩೯ರಷ್ಟು ಹಿಂದೆಯೇ ಹೆಸರು ಪಡೆದವನು. ಪಾತ್ರಗಳನ್ನು ಕಣ್ಣಿಗೆ ಕಟ್ಟುವಂತೆ ನಿರ್ಮಿಸಬಲ್ಲವನು. ಆ ಕೌಶಲದ ಫಲವಾಗಿ ಅವನು ಕೊಟ್ಟ ಚಿತ್ರವೇ ಬಹುಕಾಲ ಪ್ರಮಾಣವೆನಿಸಿತು.

ವಿಮರ್ಶಕನು ಇಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ, ಹೇಳುವವನು ಯಾರು ಎಂಬುದು. ರಾಣಿಯ ಅಧಿಕಾರವನ್ನು ಕಸಿದವನೇ ರಾಣಿಯ ಚಾರಿತ್ರ್ಯಕ್ಕೆ ಸಾಕ್ಷಿಯಾಗಿ ನಿಂತಿದ್ದಾನೆ. ನ್ಯಾಯಸ್ಥಾನದಲ್ಲಿ ಪ್ರತಿವಾದಿಯ ಹೇಳಿಕೆಯೊಂದನ್ನೇ ಕೇಳಿ ತೀರ್ಪು ಕೊಡುವವರುಂಟೆ? ಎರಡನೆಯದಾಗಿ, ಒಬ್ಬ ಪುರುಷ ಪಾಳೆಯಗಾರನು ಸೈನ್ಯ ಕೂಡಿಸಿ, ದೂತರನ್ನು ಕಳುಹಿಸಿ, ತನ್ನ ಮನೆತನದ ಹಕ್ಕಿಗಾಗಿ ಹೋರಾಡಿದರೆ ಅದಕ್ಕೆ ರಾಜನೀತಿ ಎಂಬ ಹೆಸರು. ಅದನ್ನೇ ವಿಧವೆಯಾದ ರಾಣಿಯೊಬ್ಬಳು ಮಾಡಿದರೆ ಒಳಸಂಚು. ೧೮೫೮ರಲ್ಲಿ ವೆಂಕಟಪ್ಪ ನಾಯಕನು ಬ್ರಿಟಿಷರ ವಿರುದ್ಧ ಎದ್ದು, ಸೆರೆಸಿಕ್ಕಿ, ಅದೇ ವರ್ಷ ಗುಂಡೇಟಿನಿಂದ ಮಡಿದನು. ಮಗನು ಇಂದು ಹುತಾತ್ಮನೆಂದು ಪೂಜಿತನಾಗಿದ್ದಾನೆ, ಅದು ಯೋಗ್ಯವೇ. ಕಂಪನಿಯ ಹಸ್ತಕ್ಷೇಪವನ್ನು ಅವನಿಗಿಂತ ಒಂದೂವರೆ ದಶಕ ಮೊದಲೇ ಎದುರಿಸಿದ ತಾಯಿಗೆ ಟೇಲರನು ಹಚ್ಚಿದ ಮಸಿಯನ್ನು ಒರೆಸುವ ಕೆಲಸ ಮಾತ್ರ ಉಳಿದುಬಂದಿದೆ. ಈಶ್ವರಮ್ಮನನ್ನು ನಿರ್ದೋಷಿಯೆಂದು ಸಾಧಿಸಬೇಕಾಗಿಲ್ಲ. ರಾಜಕಾರಣದಲ್ಲಿ ನಿರ್ದೋಷಿಗಳು ವಿರಳ. ಗಂಡಸರ ರಾಜಕಾರಣವನ್ನು ತೂಗುವ ತಕ್ಕಡಿಯಲ್ಲಿಯೇ ಆಕೆಯದನ್ನೂ ತೂಗಿದರೆ ಸಾಕು.

ಎರಡನೆಯ ರೂಪವು ಕಿತ್ತೂರಿನದು. ಇಲ್ಲಿ ಮಸಿಯ ಬದಲು ಬಂಗಾರದ ನೀರಿದೆ. ಬಂಗಾರದ ನೀರೂ ಮೂಲವಿಗ್ರಹದ ಗೆರೆಗಳನ್ನು ಮುಚ್ಚಬಲ್ಲದು. ೧೮೨೪ರ ಸೆಪ್ಟೆಂಬರಿನಲ್ಲಿ ಶಿವಲಿಂಗರುದ್ರಸರ್ಜನು ಸಂತಾನವಿಲ್ಲದೆ ತೀರಿಕೊಂಡಾಗ ದತ್ತಕವನ್ನು ಧಾರವಾಡದ ಕಲೆಕ್ಟರ್ ಥ್ಯಾಕರೆಯು ಒಪ್ಪಲಿಲ್ಲ. ಅಕ್ಟೋಬರ್ ೨೩ರ ಕಾಳಗದಲ್ಲಿ ಥ್ಯಾಕರೆ ಮಡಿದನು. ಡಿಸೆಂಬರಿನಲ್ಲಿ ಕೋಟೆ ಬಿದ್ದಿತು. ಚೆನ್ನಮ್ಮ ರಾಣಿ ಬೈಲಹೊಂಗಲದ ಸೆರೆಯಲ್ಲಿ ೧೮೨೯ರ ಫೆಬ್ರವರಿ ೨ರಂದು ಲಿಂಗೈಕ್ಯಳಾದಳು. ಈ ಕಥೆಯನ್ನು ಲಾವಣಿಕಾರರು ಹಾಡಿದರು, ಕಂಪನಿ ನಾಟಕಗಳು ಆಡಿದವು, ೧೯೬೧ರಲ್ಲಿ ಬಿ. ಆರ್. ಪಂತುಲು ಅವರ ಚಿತ್ರದಲ್ಲಿ ಬಿ. ಸರೋಜಾದೇವಿಯವರು ಅಭಿನಯಿಸಿ ಮನೆಮನೆಗೆ ತಲುಪಿಸಿದರು. ಈ ಎಲ್ಲ ಕೃತಿಗಳ ಶಿಖರವು ಒಂದೇ: ಕಪ್ಪ ಕೊಡೆನೆಂಬ ಘರ್ಜನೆ, ಅನಂತರ ಖಡ್ಗ.

ಜನಮನದಲ್ಲಿ ಧೈರ್ಯವನ್ನು ಬಿತ್ತುವುದಕ್ಕೆ ಆ ಶಿಖರ ಬೇಕಾಗಿತ್ತು. ಆದರೆ ಖಡ್ಗವನ್ನು ಹಿರಿಯುವುದಕ್ಕೆ ಮೊದಲು ಚೆನ್ನಮ್ಮ ಲೇಖನಿಯನ್ನು ಹಿಡಿದಿದ್ದಳು. ಕಮಿಷನರ್ ಚಾಪ್ಲಿನ್ನನಿಗೂ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್ನನಿಗೂ ಪತ್ರಗಳನ್ನು ಕಳುಹಿಸಿ, ಸಂಸ್ಥಾನದ ಹಕ್ಕನ್ನು ನ್ಯಾಯದ ಮಾರ್ಗದಲ್ಲಿ ಮಂಡಿಸಿದ್ದಳು. ರಾಜ್ಯದ ಲೆಕ್ಕ, ಬೊಕ್ಕಸದ ಬೀಗಮುದ್ರೆ, ದತ್ತಕದ ಶಾಸ್ತ್ರ ಇವುಗಳ ಸುತ್ತ ನಡೆದ ವ್ಯವಹಾರವೇ ಆ ಯುದ್ಧದ ಬೇರು. ರಂಗಭೂಮಿಗೆ ಪತ್ರವ್ಯವಹಾರವು ರುಚಿಸದು ಎಂಬುದು ಸಹಜ. ಫಲವಾಗಿ ಬುದ್ಧಿವಂತೆಯಾದ ಒಬ್ಬ ಆಡಳಿತಗಾರ್ತಿಯು ರೋಷಾವೇಶದ ಮೂರ್ತಿಯಾಗಿ ಮಾತ್ರ ಉಳಿದಳು. ಅವಳೊಡನೆ ಬಂಧನವನ್ನು ಅನುಭವಿಸಿದ ಸೊಸೆಯಂದಿರಾದ ವೀರವ್ವ, ಜಾನಕಿಬಾಯಿಯವರ ಹೆಸರುಗಳು ಹಿಂದೆ ಸರಿದವು. ವೀರರಾಣಿ ಎಂಬ ಬಿರುದಿನಲ್ಲಿ ಒಂದು ಅಪಾಯವೂ ಅಡಗಿದೆ. ಆಕೆಯು ಅಸಾಮಾನ್ಯಳು, ಸಾವಿರಕ್ಕೊಬ್ಬಳು ಎಂದ ಕೂಡಲೇ ಉಳಿದ ಒಂಬೈನೂರ ತೊಂಬತ್ತೊಂಬತ್ತು ಮಂದಿಯ ವಿಷಯದಲ್ಲಿ ಮಾತಾಡುವ ಹೊಣೆಯಿಂದ ಬರಹಗಾರನು ಬಿಡುಗಡೆ ಹೊಂದುತ್ತಾನೆ.

ಆ ಉಳಿದವರನ್ನು ಕುರಿತ ಪ್ರಶ್ನೆಯೇ ಮೂರನೆಯ ರೂಪಕ್ಕೆ, ಅಂದರೆ ಕಲಬುರಗಿಯ ನೆಲಕ್ಕೆ ಕರೆತರುತ್ತದೆ. ಇಲ್ಲಿಯ ಹೋರಾಟವು ವಸಾಹತುಶಾಹಿಯ ವಿರುದ್ಧದ ಹೋರಾಟವೆನಿಸುವುದೇ ಎಂಬ ಸಂದೇಹವು ಕೆಲವರಲ್ಲುಂಟು. ಆಳಿದವನು ನಿಜಾಮನಲ್ಲವೆ ಎಂದು ಅವರು ಕೇಳುತ್ತಾರೆ. ನಿಜಾಮನ ಸಿಂಹಾಸನಕ್ಕೆ ಆಧಾರವಾಗಿ ಬ್ರಿಟಿಷ್ ರೆಸಿಡೆಂಟನೂ ದಂಡುಪ್ರದೇಶಗಳೂ ಇದ್ದವೆಂಬುದನ್ನೂ, ಬ್ರಿಟಿಷ್ ಸರ್ಕಾರದ ನಂಬುಗೆಯ ಮಿತ್ರನೆಂಬ ಬಿರುದನ್ನು ಆತನು ಧರಿಸಿದ್ದನೆಂಬುದನ್ನೂ ನೆನೆದರೆ ಈ ಜಿಲ್ಲೆಗಳದು ಇಮ್ಮಡಿ ದಾಸ್ಯವೆಂಬುದು ಸ್ಪಷ್ಟವಾಗುತ್ತದೆ. ಗಸ್ತಿ ೫೩ ಎಂಬ ಆಜ್ಞೆಯ ದೆಸೆಯಿಂದ ಅನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. ಖಾಸಗಿ ಶಾಲೆಯನ್ನು ತೆರೆಯಲೂ ಅಪ್ಪಣೆ ಬೇಕು. ಉಚ್ಚಶಿಕ್ಷಣದ ಮಾಧ್ಯಮ ಉರ್ದು. ಕನ್ನಡವು ಮನೆಯ ಭಾಷೆಯಾಗಿ ಉಳಿದಿತ್ತು.

ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ಭಾಷೆಯು ಕಚೇರಿಯಿಂದಲೂ ಶಾಲೆಯಿಂದಲೂ ಹೊರದೂಡಲ್ಪಟ್ಟು ಮನೆಯನ್ನು ಸೇರಿದಾಗ ಅದನ್ನು ಕಾಯುವ ಭಾರವು ಮನೆಯನ್ನು ಕಾಯುವವರ ಮೇಲೆ ಬೀಳುತ್ತದೆ. ಬೀಸುವ ಕಲ್ಲಿನ ಮುಂದೆ, ತೊಟ್ಟಿಲ ಬಳಿಯಲ್ಲಿ, ಹೊಲದ ಬದುವಿನಲ್ಲಿ ತ್ರಿಪದಿಯನ್ನು ಜೀವಂತವಾಗಿಟ್ಟವರು ಅಕ್ಷರವರಿಯದ ಹೆಣ್ಣುಮಕ್ಕಳು. ಅದನ್ನು ಅವರು ಚಳವಳಿಯೆಂದು ಕರೆಯಲಿಲ್ಲ. ಆದರೆ ೧೯೨೮ರಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಅಧ್ಯಕ್ಷತೆಯಲ್ಲಿ ಕಲಬುರಗಿಯಲ್ಲಿ ಸಾಹಿತ್ಯ ಸಮ್ಮೇಳನ ಸೇರಿದಾಗ, ಇಷ್ಟು ದೀರ್ಘ ಉಪೇಕ್ಷೆಯ ನಡುವೆಯೂ ಇಲ್ಲಿ ಕನ್ನಡ ಬದುಕಿದ್ದಿತು. ಅದು ಹೇಗೆ ಬದುಕಿತೆಂಬ ಪ್ರಶ್ನೆಗೆ ಉತ್ತರದ ದೊಡ್ಡ ಪಾಲು ಅಡುಗೆಮನೆಯಲ್ಲಿದೆ.

ಮನೆಯಲ್ಲಿ ಉಳಿದ ಭಾಷೆಯನ್ನು ಶಾಲೆಗೆ ತರುವ ಯತ್ನಗಳೂ ನಡೆದವು. ೧೯೦೭ರಲ್ಲಿ ನೂತನ ವಿದ್ಯಾಲಯವು ಕಲಬುರಗಿಯಲ್ಲಿ ಆರಂಭವಾಯಿತು. ಶರಣಬಸವೇಶ್ವರ ಸಂಸ್ಥಾನದ ಏಳನೆಯ ಪೀಠಾಧಿಪತಿಗಳಾದ ಲಿಂಗೈಕ್ಯ ದೊಡ್ಡಪ್ಪ ಅಪ್ಪ ಅವರು ನಿಜಾಮನ ಆಳ್ವಿಕೆಯಲ್ಲಿಯೇ ಹೆಣ್ಣುಮಕ್ಕಳಿಗಾಗಿ ಕನ್ನಡದ ಶಾಲೆಯನ್ನು ತೆರೆದು ಅದಕ್ಕೆ ಮಹಾದೇವಿಯಕ್ಕನ ಹೆಸರನ್ನಿಟ್ಟರು. ಈ ಸಂಗತಿಯನ್ನು ಶಿಕ್ಷಣಸೇವೆಯೆಂಬ ಅಧ್ಯಾಯದಲ್ಲಿ ಹೇಳಿ, ವಿಮೋಚನಾ ಚಳವಳಿಯನ್ನು ಬೇರೆ ಅಧ್ಯಾಯದಲ್ಲಿ ಹೇಳುವ ರೂಢಿಯಿದೆ. ಈ ವಿಂಗಡಣೆಯೇ ಚರ್ಚಾಸ್ಪದವಾದುದು. ಸಭೆ ಸೇರಲು ಅಪ್ಪಣೆ ಬೇಕಾಗಿದ್ದ ರಾಜ್ಯದಲ್ಲಿ ಹೆಣ್ಣುಮಕ್ಕಳು ದಿನವೂ ಒಂದೆಡೆ ಸೇರಿ ತಮ್ಮ ನುಡಿಯಲ್ಲಿ ಓದುವುದು ಶಿಕ್ಷಣವೂ ಹೌದು, ರಾಜಕಾರಣವೂ ಹೌದು. ಹೆಣ್ಣುಮಗುವಿನ ಕೈಗೆ ಪಾಟಿ ಕೊಟ್ಟು ಬೀದಿಗೆ ಕಳುಹಿಸಿದ ತಾಯಿಯ ನಿರ್ಧಾರವನ್ನು ಯಾವ ಅಧ್ಯಾಯಕ್ಕೆ ಸೇರಿಸಬೇಕು?

ಇನ್ನು ಚಳವಳಿಯ ಉಗ್ರಘಟ್ಟ. ೧೯೩೮ರಲ್ಲಿ ಹೈದರಾಬಾದು ಸ್ಟೇಟ್ ಕಾಂಗ್ರೆಸ್ಸಿನ ಸತ್ಯಾಗ್ರಹ, ಅದೇ ವರ್ಷ ಉಸ್ಮಾನಿಯಾದಿಂದ ಕಲಬುರಗಿಯ ಕಾಲೇಜಿಗೂ ಹಬ್ಬಿದ ವಂದೇ ಮಾತರಂ ಚಳವಳಿ, ೧೯೩೮-೩೯ರ ಆರ್ಯಸಮಾಜದ ಸತ್ಯಾಗ್ರಹ, ಕೊನೆಗೆ ೧೯೪೭-೪೮ರ ಗಡಿಶಿಬಿರಗಳು. ಅಳವಂಡಿ ಶಿವಮೂರ್ತಿಸ್ವಾಮಿಗಳ ಮುಂಡರಗಿ ಶಿಬಿರ, ಶರಣಗೌಡ ಇನಾಮದಾರರ ಸಾಹಸಗಳು, ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವ ದಾರಿಯಲ್ಲಿರುವ ಮಹಾಗಾಂವದ ಚಂದ್ರಶೇಖರ ಪಾಟೀಲರ ಕಾರ್ಯ ಇವು ದಾಖಲೆಯನ್ನು ಸೇರಿವೆ. ರಮಾನಂದ ತೀರ್ಥರು ೧೯೬೭ರಲ್ಲಿ ಪ್ರಕಟಿಸಿದ ಸ್ಮೃತಿಗ್ರಂಥವು ಸಂಘಟನೆ, ಸೆರೆಮನೆ, ಸಂಧಾನ ಈ ಮೂರರ ಸುತ್ತ ಹೆಣೆದ ಕಥನ. ಮುಂದೆ ಬಂದ ಬಹುಪಾಲು ಬರಹಗಳೂ ಅದೇ ಚೌಕಟ್ಟನ್ನು ಅನುಸರಿಸಿದವು. ಆ ಚೌಕಟ್ಟಿನಲ್ಲಿ ಸ್ತ್ರೀಗೆ ಎರಡೇ ಎಡೆ: ಅನ್ನವಿಕ್ಕಿದ ತಾಯಿ, ರಜಾಕಾರರಿಂದ ಮಾನಭಂಗದ ಭಯಕ್ಕೀಡಾದ ಅಬಲೆ.

ಗಂಡಸರು ಗಡಿಯಾಚೆಯ ಶಿಬಿರಗಳಿಗೆ ಹೊರಟುಹೋದಾಗ ಊರಿನಲ್ಲಿ ಉಳಿದದ್ದು ಏನೆಂಬುದನ್ನು ಕಮಲಾಪುರದ ಸೀಮೆಯನ್ನು ಕಣ್ಣಮುಂದೆ ತಂದುಕೊಂಡು ಯೋಚಿಸಬೇಕು. ಕಲಬುರಗಿಗೆ ಈಶಾನ್ಯದಲ್ಲಿ, ಹುಮನಾಬಾದಿನ ಹೆದ್ದಾರಿಯ ಮೇಲೆ, ಸುಮಾರು ೩೫ ಕಿಲೋಮೀಟರ್ ದೂರದಲ್ಲಿರುವ ಈ ಊರು ಇಂದು ಕೆಂಪು ಬಾಳೆಗೆ ಹೆಸರಾದುದು, ಈಗ ತಾಲ್ಲೂಕು ಕೇಂದ್ರ. ಕಲಬುರಗಿಯವರಿಗೆ ಸೊಲ್ಲಾಪುರಕ್ಕೆ ಹೋಗುವ ರೈಲುದಾರಿಯಿತ್ತು. ಕಮಲಾಪುರದವರಿಗೆ ರೈಲಿನ ಬಳಿಗೆ ಬರುವುದೇ ಒಂದು ಪ್ರಯಾಣ. ಪಶ್ಚಿಮದ ಗಡಿ ದೂರ, ಪೂರ್ವಕ್ಕೂ ಉತ್ತರಕ್ಕೂ ನಿಜಾಮನ ರಾಜ್ಯವೇ. ಇಂಥ ಒಳನಾಡಿನ ಹಳ್ಳಿಗಳಲ್ಲಿ ಮನೆಯ ಯಜಮಾನನು ಶಿಬಿರವನ್ನೋ ಸೆರೆಮನೆಯನ್ನೋ ಸೇರಿದ ಮೇಲೆ ಜೋಳದ ಬಿತ್ತನೆ, ಎತ್ತುಗಳ ಮೇವು, ಸಾಲದ ಬಡ್ಡಿ, ಮುದುಕರ ಆರೈಕೆ, ಲೇವಿಗಾಗಿ ಬಂದ ಅಧಿಕಾರಿಗೆ ಕೊಡಬೇಕಾದ ಉತ್ತರ, ಇರುಳಿನಲ್ಲಿ ಬಾಗಿಲು ತಟ್ಟಿದವನು ಹಗೆಯೋ ನೆಂಟನೋ ಎಂಬ ನಿರ್ಣಯ ಇವೆಲ್ಲವೂ ಹೆಣ್ಣಿನ ಪಾಲಿಗೆ ಬಂದವು. ತಲೆಮರೆಸಿಕೊಂಡವನ ಸುಳಿವನ್ನು ಕೇಳಿದಾಗ ಅರಿಯೆನೆಂದು ಹೇಳಿ ಆ ಮಾತಿನ ಫಲವನ್ನು ಒಬ್ಬಳೇ ಎದುರಿಸಬೇಕಾದ ಸ್ಥಿತಿಯನ್ನು ಯಾವ ರಣರಂಗಕ್ಕಿಂತ ಕಡಿಮೆಯೆನ್ನೋಣ? ಶಿಬಿರದಲ್ಲಿ ಸಂಗಾತಿಗಳಿದ್ದರು, ಹಾಡುಗಳಿದ್ದವು, ಕೈಯಲ್ಲಿ ಆಯುಧವೂ ಇತ್ತು. ಮನೆಯಲ್ಲಿ ಉಳಿದವಳಿಗೆ ಇವು ಯಾವುವೂ ಇರಲಿಲ್ಲ.

ಇಂಥವಳು ದಾಖಲೆಯಲ್ಲಿ ಏಕಿಲ್ಲ? ದಾಖಲೆಯ ಒರೆಗಲ್ಲು ಬೇರೆಯಾಗಿದ್ದುದೇ ಕಾರಣ. ಸ್ವಾತಂತ್ರ್ಯದ ಬೆಳ್ಳಿಹಬ್ಬದ ವರ್ಷವಾದ ೧೯೭೨ರಲ್ಲಿ ಕೇಂದ್ರ ಸರ್ಕಾರವು ಸ್ವಾತಂತ್ರ್ಯಯೋಧರಿಗೆ ನಿವೃತ್ತಿವೇತನವನ್ನು ಆರಂಭಿಸಿತು. ಆರು ತಿಂಗಳ ಸೆರೆವಾಸವು ಅದಕ್ಕೆ ಮುಖ್ಯ ಅರ್ಹತೆಯಾಯಿತು. ಮುಂದೆ ೧೯೮೦ರ ಯೋಜನೆಯಲ್ಲಿ ಸ್ತ್ರೀಯರಿಗೂ ಪರಿಶಿಷ್ಟರಿಗೂ ಮೂರು ತಿಂಗಳು ಸಾಕೆಂದಾಯಿತು. ಗಡಿಶಿಬಿರಗಳಲ್ಲಿ ಇದ್ದವರೂ ಕಾಲಾನಂತರ ಅದರ ವ್ಯಾಪ್ತಿಗೆ ಬಂದರು. ಸರ್ಕಾರಕ್ಕೆ ಒಂದು ಅಳತೆಗೋಲು ಬೇಕೇ ಬೇಕು, ಅದನ್ನು ದೂಷಿಸಲಾಗದು. ದೋಷವಿರುವುದು ಚರಿತ್ರೆಯನ್ನು ಬರೆಯುವವರು ಆ ಅಳತೆಗೋಲನ್ನೇ ತಮ್ಮದಾಗಿ ಮಾಡಿಕೊಂಡುದರಲ್ಲಿ. ಸೆರೆಮನೆಯ ಪ್ರಮಾಣಪತ್ರವುಳ್ಳವನು ಯೋಧ, ಇಲ್ಲದವಳು ಯೋಧನ ಹೆಂಡತಿ ಎಂಬ ವಿಭಾಗವು ಹಣದ ಯೋಜನೆಗೆ ಅನಿವಾರ್ಯವಿರಬಹುದು, ಮೌಲ್ಯನಿರ್ಣಯಕ್ಕೆ ಅಲ್ಲ.

ಈ ಅಳತೆಗೋಲಿನ ಕೊರತೆಯನ್ನು ತೋರಿಸಲು ಹುಬ್ಬಳ್ಳಿಯ ಉಮಾಬಾಯಿ ಕುಂದಾಪುರರ ಜೀವನವೊಂದೇ ಸಾಕು. ೧೮೯೨ರಲ್ಲಿ ಜನಿಸಿ, ಎಳವೆಯಲ್ಲಿಯೇ ವೈಧವ್ಯವನ್ನು ಕಂಡು, ಮಾವನ ಪ್ರೋತ್ಸಾಹದಿಂದ ಓದಿದ ಈ ಮಹಿಳೆ ೧೯೨೪ರ ಬೆಳಗಾವಿ ಕಾಂಗ್ರೆಸ್ಸಿಗೆ ನೂರೈವತ್ತರಷ್ಟು ಸ್ವಯಂಸೇವಕಿಯರನ್ನು ಸಿದ್ಧಗೊಳಿಸಿದರು. ಅವರಲ್ಲಿ ಅನೇಕರು ವಿಧವೆಯರು. ಮಂಗಳಕಾರ್ಯಗಳಿಂದ ದೂರವಿಡಲ್ಪಟ್ಟವರು ರಾಷ್ಟ್ರದ ಮಹಾಕಾರ್ಯದಲ್ಲಿ ಮುಂದೆ ನಿಂತರು. ೧೯೩೨ರಲ್ಲಿ ಉಮಾಬಾಯಿಯವರು ನಾಲ್ಕು ತಿಂಗಳು ಯರವಡಾ ಸೆರೆಮನೆಯಲ್ಲಿದ್ದರು. ಅವರ ಜೀವನದ ಉಜ್ವಲ ಭಾಗವು ಬಿಡುಗಡೆಯ ಅನಂತರದ್ದು. ಮುದ್ರಣಾಲಯ ಮುಟ್ಟುಗೋಲಾಗಿತ್ತು, ಶಾಲೆಗೆ ಬೀಗ ಬಿದ್ದಿತ್ತು, ಭಗಿನೀಮಂಡಲವು ಕಾನೂನುಬಾಹಿರವೆನಿಸಿತ್ತು. ಸೆರೆಮನೆಯಿಂದ ಹೊರಬಂದ ಎಷ್ಟೋ ಹೆಣ್ಣುಮಕ್ಕಳನ್ನು ಅವರ ಮನೆಯವರು ಒಳಗೆ ಸೇರಿಸಿಕೊಳ್ಳದಾದಾಗ ಉಮಾಬಾಯಿಯವರು ತಮ್ಮ ಚಿಕ್ಕ ಮನೆಯಲ್ಲಿ ಅವರಿಗೆ ಆಶ್ರಯವಿತ್ತರು. ರಾಜ್ಯದೊಡನೆ ಹೋರಾಡಿದ ಹೆಣ್ಣು ಮನೆಯೊಡನೆಯೂ ಹೋರಾಡಬೇಕಾಯಿತೆಂಬ ಕಹಿಸತ್ಯಕ್ಕೆ ಇದು ಸಾಕ್ಷಿ. ಸ್ವಾತಂತ್ರ್ಯಾನಂತರ ಅವರು ತಾಮ್ರಪತ್ರವನ್ನಾಗಲಿ ನಿವೃತ್ತಿವೇತನವನ್ನಾಗಲಿ ಸ್ವೀಕರಿಸದೆ ೧೯೯೨ರಲ್ಲಿ ನಿಧನರಾದರು.

ಕರ್ನಾಟಕದ ಉದ್ದಗಲಕ್ಕೂ ಇಂಥ ನಿದರ್ಶನಗಳುಂಟು. ೧೯೩೮ರ ಶಿವಪುರ ಧ್ವಜಸತ್ಯಾಗ್ರಹದಲ್ಲಿ ಭಾಗವಹಿಸಿ ಸೆರೆಮನೆಯನ್ನು ಕಂಡ ಬಳ್ಳಾರಿ ಸಿದ್ಧಮ್ಮನವರು. ದಂಡಿಯಾತ್ರೆಯಲ್ಲಿ ಗಾಂಧೀಜಿಯೊಡನೆ ನಡೆದ ಮೈಲಾರ ಮಹಾದೇವಪ್ಪನವರ ಪತ್ನಿ, ಸ್ವತಃ ಸತ್ಯಾಗ್ರಹಿಯಾದ ಸಿದ್ಧಮ್ಮನವರು. ಮುಟ್ಟುಗೋಲಾದ ಆಸ್ತಿಯನ್ನು ಕೊಂಡವರ ಮನೆಯ ಮುಂದೆ ಉಪವಾಸ ಕುಳಿತ ಮಾವಿನಗುಂಡಿಯ ಹೆಣ್ಣುಮಕ್ಕಳು. ೧೯೪೨ರ ಈಸೂರಿನ ಪ್ರಕರಣದಲ್ಲಿ ಜೀವಾವಧಿ ಶಿಕ್ಷೆಗೆ ಗುರಿಯಾದ ಸ್ತ್ರೀಯರು. ನೆರೆಯ ತೆಲಂಗಾಣದಲ್ಲಿ ವೀರಶೈವ ಸಾಹಿತ್ಯಾಭ್ಯಾಸಿಗಳಿಗೆ ಪಾಲ್ಕುರಿಕೆ ಸೋಮನಾಥನ ಊರೆಂದು ಪರಿಚಿತವಾದ ಪಾಲಕುರ್ತಿಯಲ್ಲಿ, ಮಡಿವಾಳ ವೃತ್ತಿಯ ಐಲಮ್ಮನೆಂಬಾಕೆ ವಿಸ್ನೂರಿನ ದೇಶಮುಖನ ಎದುರು ತನ್ನ ಹೊಲಕ್ಕಾಗಿ ಎದೆಯೊಡ್ಡಿ ನಿಂತಳು. ತೆಲಂಗಾಣದ ಹೋರಾಟಗಾರ್ತಿಯರ ಬಾಯಿಮಾತುಗಳನ್ನು ಅಲ್ಲಿಯ ಸ್ತ್ರೀಶಕ್ತಿ ಸಂಘಟನೆಯವರು ಕೂಡಿಸಿ ೧೯೮೬ರಲ್ಲಿ ತೆಲುಗಿನಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಅದೇ ಸಂಸ್ಥಾನದ ಪ್ರಜೆಗಳಾಗಿದ್ದ ಕನ್ನಡ ಜಿಲ್ಲೆಗಳ ಮಹಿಳೆಯರಿಗೂ ಅಂಥ ಗ್ರಂಥವು ಸಲ್ಲತಕ್ಕದ್ದು.

ಹೊಸ ಒರೆಗಲ್ಲನ್ನು ಹೊರಗಿನಿಂದ ತರಬೇಕಾಗಿಲ್ಲ. ಈ ನೆಲದ ಹನ್ನೆರಡನೆಯ ಶತಮಾನದ ಸಾಹಿತ್ಯದಲ್ಲಿ ಅದು ಸಿದ್ಧವಾಗಿದೆ. ಮೂವತ್ತಕ್ಕೂ ಹೆಚ್ಚು ವಚನಕಾರ್ತಿಯರ ಅಂಕಿತಗಳು ಇಂದು ತಿಳಿದಿವೆ. ಅವರಲ್ಲಿ ನೂಲುವ ಕಾಯಕದ ಕದಿರೆ ರೆಮ್ಮವ್ವೆಯಿದ್ದಾಳೆ. ಕದಿರನ್ನೇ ಅನುಭಾವದ ಭಾಷೆಯಾಗಿಸಿದ ಆಕೆಯನ್ನು ಓದಿದವರಿಗೆ ಇಪ್ಪತ್ತನೆಯ ಶತಮಾನದ ಚರಕವು ಕೇವಲ ಹೊಸ ಲಾಂಛನವಾಗಿ ತೋರದು. ಅಮರೇಶ್ವರದ ನೆಲದಿಂದ ಬಂದ ಆಯ್ದಕ್ಕಿ ಲಕ್ಕಮ್ಮನಿದ್ದಾಳೆ. ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಮರಳಿ ಸುರಿದು ಬರುವಂತೆ ಪತಿ ಮಾರಯ್ಯನನ್ನು ಕಳುಹಿಸಿದವಳು. ಮಾರಯ್ಯನ ಹೆಂಡತಿಯೆಂದು ಲಕ್ಕಮ್ಮನನ್ನು ಯಾರೂ ಪರಿಚಯಿಸುವುದಿಲ್ಲ. ಆಕೆಯು ಅವನ ವಿವೇಕ. ಕಲ್ಯಾಣದ ವಿಪ್ಲವದ ತರುವಾಯ ವಚನದ ಕಟ್ಟುಗಳೊಡನೆ ಉಳವಿಯತ್ತ ನಡೆದ ಶರಣರ ತಂಡದಲ್ಲಿ ಅಕ್ಕನಾಗಮ್ಮನ ಪಾತ್ರವನ್ನು ಪರಂಪರೆಯು ಕೃತಜ್ಞತೆಯಿಂದ ನೆನೆಯುತ್ತದೆ. ಕಾದಿದವರಷ್ಟೇ ಗೌರವವನ್ನು ಕಾಪಾಡಿದವರಿಗೂ ಕೊಡುವ ದೃಷ್ಟಿಯಿದು.

ಈ ದೃಷ್ಟಿಯ ತಿರುಳು ಕಾಯಕ. ಕಾಯಕದ ತಕ್ಕಡಿಯಲ್ಲಿ ದೊಡ್ಡ ಕೆಲಸ, ಚಿಕ್ಕ ಕೆಲಸವೆಂಬ ಭೇದವಿಲ್ಲ. ಸತ್ಯಶುದ್ಧವಾಗಿ ಮಾಡಿತೇ ಎಂಬುದೊಂದೇ ಪ್ರಶ್ನೆ. ಅದರಲ್ಲಿ ತೂಗಿದರೆ ಕಮಲಾಪುರದ ಹೊಲವನ್ನು ಬೀಳು ಬಿಡದೆ ಉತ್ತಿಸಿದವಳ ದುಡಿಮೆಯೂ ಶಿಬಿರದ ಸೈನಿಕನ ದುಡಿಮೆಯೂ ಒಂದೇ ಹೋರಾಟದ ಎರಡು ಕೈಗಳೆನಿಸುತ್ತವೆ. ಇದಕ್ಕೆ ಒಂದು ಆಕ್ಷೇಪವುಂಟು. ಮನೆಗೆಲಸವನ್ನೆಲ್ಲ ಹೋರಾ‌ಟವೆಂದು ಕರೆದರೆ ಹೋರಾಟವೆಂಬ ಪದಕ್ಕೆ ಅರ್ಥವೇನು ಉಳಿಯುತ್ತದೆ? ಆಕ್ಷೇಪವು ವಿಚಾರಾರ್ಹವಾದುದು. ಇದಕ್ಕೆ ಉತ್ತರವೂ ಲಕ್ಕಮ್ಮನಲ್ಲಿದೆ. ಅಕ್ಕಿಯನ್ನು ಬೇಯಿಸಿದ ಮಾತ್ರಕ್ಕೆ ಆಕೆ ಲಕ್ಕಮ್ಮನಾಗಲಿಲ್ಲ. ಎಷ್ಟು ಬೇಕು, ಎಷ್ಟು ಬೇಡ ಎಂದು ಅರಿತು ನಿರ್ಣಯಿಸಿದುದರಿಂದ ಆದಳು. ಅರಿವಿನಿಂದ ಕೈಗೊಂಡ ನಿರ್ಣಯ, ಅದಕ್ಕೆ ತೆತ್ತ ಬೆಲೆ ಇವೆರಡೂ ಕೂಡಿದಲ್ಲಿ ಮನೆಗೆಲಸವೂ ಹೋರಾಟ. ಸಂಶೋಧಕನು ಹಳ್ಳಿಯ ಹಿರಿಯಳನ್ನು ಕಂಡಾಗ, ನೀವು ಎಷ್ಟು ಮಂದಿಗೆ ಅನ್ನವಿಕ್ಕಿದಿರಿ ಎಂದು ಕೇಳಿ ಸುಮ್ಮನಾಗಬಾರದು; ಬಾಗಿಲನ್ನು ತೆರೆಯಬೇಕೆಂದು ನಿಶ್ಚಯಿಸಿದವರು ಯಾರು ಎಂದು ಕೇಳಬೇಕು.

ಅಬಲೆಯ ಚಿತ್ರವನ್ನು ಕುರಿತು ಇನ್ನೊಂದು ಮಾತನ್ನು ಹೇಳದೆ ಬಿಟ್ಟರೆ ವಿಮರ್ಶೆಯು ಅಪೂರ್ಣವಾಗುತ್ತದೆ. ರಜಾಕಾರರ ಕಾಲದ ಕ್ರೌರ್ಯಕ್ಕೆ ೧೯೪೮ರ ಮೇ ತಿಂಗಳ ಗೋರ್ಟಾ ಗ್ರಾಮದ ಹತ್ಯಾಕಾಂಡವೇ ಸಾಕ್ಷಿ. ಆ ನೋವು ಸತ್ಯ, ಅದರ ಸ್ಮರಣೆಯೂ ನ್ಯಾಯ. ಅದೇ ವರ್ಷ ಪೊಲೀಸ್ ಕಾರ್ಯಾಚರಣೆಯ ತರುವಾಯ ನಡೆದ ಸೇಡಿನ ಹಿಂಸೆಯನ್ನು ಪರಿಶೀಲಿಸಲು ಬಂದ ಪಂಡಿತ ಸುಂದರಲಾಲರ ಸಮಿತಿಯು, ಸಂಸ್ಥಾನದಾದ್ಯಂತ ೨೭ ಸಾವಿರದಿಂದ ೪೦ ಸಾವಿರ ಜನರು ಸತ್ತಿರಬಹುದೆಂದು ಅಂದಾಜು ಮಾಡಿ, ಅತ್ಯಧಿಕ ಹಾನಿಗೊಳಗಾದ ಜಿಲ್ಲೆಗಳಲ್ಲಿ ಕಲಬುರಗಿ, ಬೀದರಗಳನ್ನು ಹೆಸರಿಸಿತು. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ಅಪಹರಣಕ್ಕೂ ಅತ್ಯಾಚಾರಕ್ಕೂ ಗುರಿಯಾದ ಸ್ತ್ರೀಯರ ವಿವರವೂ ಆ ವರದಿಯಲ್ಲಿದೆ. ನಮ್ಮ ಹೆಣ್ಣಿನ ಮಾನರಕ್ಷಣೆಯೆಂಬ ಮಾತು ನೆರೆಮನೆಯ ಹೆಣ್ಣಿನ ಮಾನಹರಣಕ್ಕೆ ನೆಪವಾದರೆ ಆ ಮಾತಿನಲ್ಲಿ ಹೆಣ್ಣಿಗೆ ಸಂದ ಗೌರವವು ಎಷ್ಟು? ಹೆಣ್ಣನ್ನು ಮನೆತನದ ಮಾನದ ಪಾತ್ರೆಯಾಗಿ ಮಾತ್ರ ಕಾಣುವ ಕಥನವು ಕೊನೆಗೆ ಇಬ್ಬರಿಗೂ ಅನ್ಯಾಯವನ್ನೇ ಮಾಡುತ್ತದೆ. ೧೯೪೮ರ ಆಗಸ್ಟಿನಲ್ಲಿ ರಜಾಕಾರರನ್ನು ಖಂಡಿಸಿ ಬರೆದುದಕ್ಕಾಗಿ ಕೊಲೆಯಾದ ಪತ್ರಕರ್ತ ಶೋಯಬುಲ್ಲಾ ಖಾನನು ಮುಸಲ್ಮಾನನೇ ಎಂಬುದನ್ನು ನೆನೆದರೆ, ಈ ಹೋರಾಟವನ್ನು ಎರಡು ಧರ್ಮಗಳ ಕಲಹವೆಂದು ಬರೆಯುವುದೂ ತಪ್ಪೆಂದು ತಿಳಿಯುತ್ತದೆ. ಇವನಾರವನೆಂದು ಕೇಳದ ಸಂಸ್ಕೃತಿಯ ವಾರಸುದಾರರಿಗೆ ಈ ಪುಟವನ್ನು ತಿರುವಿಹಾಕುವ ಅಧಿಕಾರವಿಲ್ಲ.

ಕೊನೆಯದಾಗಿ, ಕಾಲದ ಮಾತು. ೧೯೪೮ರಲ್ಲಿ ಹದಿನೆಂಟರ ಹರೆಯದಲ್ಲಿದ್ದವರಿಗೆ ಇಂದು ತೊಂಬತ್ತೈದು ದಾಟಿದೆ. ಅವರಲ್ಲಿ ಉಳಿದವರು ಕೆಲವರೇ. ಅವರ ಮಾತನ್ನು ಕೇಳಿ ಬೆಳೆದ ಹೆಣ್ಣುಮಕ್ಕಳೂ ಸೊಸೆಯರೂ ಈಗ ವೃದ್ಧೆಯರು. ಡಾ. ಫ. ಗು. ಹಳಕಟ್ಟಿಯವರು ವಚನಗಳ ಓಲೆಗಳನ್ನು ಅರಸಿ ಹೊರಟಾಗ ಅವು ಗ್ರಂಥಾಲಯಗಳಲ್ಲಿ ದೊರೆಯಲಿಲ್ಲ. ಮನೆಗಳ ಜಗಲಿಯ ಮೇಲೆ, ಅರಿಶಿಣ ಕುಂಕುಮದ ನಡುವೆ ಕಟ್ಟಿಟ್ಟಿದ್ದ ಗಂಟುಗಳಲ್ಲಿ ದೊರೆತವು. ೧೯೨೩ರ ‘ವಚನಶಾಸ್ತ್ರಸಾರ’ವು ಆ ಗಂಟುಗಳನ್ನು ಬಿಚ್ಚಿದ ಫಲ. ವಿಮೋಚನೆಯ ಕಾಲದ ಸ್ತ್ರೀಯರ ಮಾತೂ ಇಂದು ಅಂಥದೇ ಗಂಟಿನಲ್ಲಿದೆ. ಆದರೆ ಓಲೆಗರಿಗೆ ಇದ್ದಷ್ಟು ಬಾಳಿಕೆ ಬಾಯಿಮಾತಿಗಿಲ್ಲ.

ಕಲಬುರಗಿ, ಕಮಲಾಪುರಗಳ ಕಾಲೇಜುಗಳಲ್ಲಿ ಕನ್ನಡವನ್ನು ಓದುವ ವಿದ್ಯಾರ್ಥಿನಿಯರು ತಮ್ಮ ತಮ್ಮ ಮನೆಯ ಹಿರಿಯಳೊಬ್ಬಳಿಂದ ಒಂದೊಂದು ಪುಟವನ್ನು ಬರೆದುಕೊಂಡರೂ ಸಾಕು, ಒಂದು ವರ್ಷದಲ್ಲಿ ಸಂಪುಟವಾಗುತ್ತದೆ. ಬೀಸುವ ಪದಗಳಲ್ಲಿ ಆ ದಿನಗಳ ನೆನಪು ಎಲ್ಲಿಯಾದರೂ ಸೇರಿಕೊಂಡಿದೆಯೇ, ಊರುಬಿಟ್ಟು ಹೋದಾಗ ಏನನ್ನು ಕೊಂಡೊಯ್ದರು, ಮರಳಿ ಬಂದಾಗ ಏನಿತ್ತು, ನೆರೆಯ ಮುಸಲ್ಮಾನ ಮನೆಯವರ ಗತಿಯೇನಾಯಿತು ಎಂಬುದನ್ನೆಲ್ಲ ಕೇಳಿ, ಹೇಳಿದವಳ ಹೆಸರಿನೊಡನೆ ದಾಖಲಿಸಬೇಕು. ಹೆಸರು ಮುಖ್ಯ. ವಚನಕಾರ್ತಿಯರು ತಮ್ಮ ಮಾತಿನ ಕೊನೆಗೆ ಅಂಕಿತವನ್ನಿಟ್ಟರು. ಆ ಅಂಕಿತದಿಂದಲೇ ಎಂಟುನೂರು ವರ್ಷಗಳ ಅನಂತರವೂ ಇದು ಲಕ್ಕಮ್ಮನದು, ಇದು ರೆಮ್ಮವ್ವೆಯದು ಎಂದು ಗುರುತಿಸಲು ಬರುತ್ತದೆ. ಬರುವ ಸೆಪ್ಟೆಂಬರ್ ೧೭ರ ಭಾಷಣದಲ್ಲಿ ತಾಯಂದಿರ ತ್ಯಾಗವೆಂಬ ಒಂದು ವಾಕ್ಯದ ಬದಲಿಗೆ ಹತ್ತು ತಾಯಂದಿರ ಹೆಸರುಗಳನ್ನು ಓದುವಂತಾದರೆ ಅದು ಆ ದಿನಕ್ಕೆ ಸಲ್ಲುವ ನಿಜವಾದ ಗೌರವವಾದೀತು.